‘ಬಮ್ಮರ್’ ಪದದ ತೂಕ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಇಂದಿನ ಹುಡುಗ ಹುಡುಗಿಯರ ಮಾತಿನಲ್ಲಿ ಓಡಾಡುವ ಇಂಗ್ಲಿಷ್ ಪದಗಳ ಕಿರುಪಟ್ಟಿಯಲ್ಲಿ ‘ಬಮ್ಮರ್’ ಎಂಬ ಪದಕ್ಕೆ ‘ನಿರಾಶೆ’ ಎಂದು ಒಂದೇ ಮಾತಿನ ಅರ್ಥ ಕೊಡಲಾಗಿತ್ತು. ಮರುವಾರ ಓದುಗರೊಬ್ಬರು ಅದನ್ನು ಆಕ್ಷೇಪಿಸಿ, ಅದು ದೇಹದ ಹಿಂಭಾಗವನ್ನು ಸೂಚಿಸುವ ಅಸಭ್ಯ ಪದದಿಂದ ಹುಟ್ಟಿದ್ದು, ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅದಕ್ಕೆ ಜಾಗ ಕೊಡಬಾರದಿತ್ತು ಎಂದು ಬರೆದರು. ಪಟ್ಟಿ ಮಾಡಿದವರ ಮಾತಿನಲ್ಲೂ ಆಕ್ಷೇಪಿಸಿದವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಎರಡನ್ನೂ ನಂಬಿಕೊಂಡು ಆ ಪದವನ್ನು ಬಳಸಹೊರಟವರು ಎಡವುವುದು ಖಂಡಿತ. 31 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಇಂಗ್ಲಿಷಿನ ಬೀದಿಮಾತೊಂದರ ಪರವಾಗಿ ವಕಾಲತ್ತು ವಹಿಸುವುದು ನನಗೇ ವಿಚಿತ್ರವಾಗಿ ಕಾಣುತ್ತದೆ. ಆದರೂ ಬರೆಯುತ್ತಿರುವುದು ಏಕೆಂದರೆ, ಇದೇ ಪದದಿಂದ ಹಾಗೆ ಎಡವಿದವಳು ನಾನು.

ಎರಡು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಇದು ಮೊದಲ ಸಲ ನನ್ನ ಕಿವಿಗೆ ಬಿತ್ತು. ಒಂದು ಶನಿವಾರ ಆರು ವರ್ಷದ ಮೊಮ್ಮಗಳ ಕೈ ಹಿಡಿದುಕೊಂಡು ಮಕ್ಕಳ ಗೊಂಬೆಯಾಟಕ್ಕೆಂದು ಹತ್ತಿರದ ಗ್ರಂಥಾಲಯಕ್ಕೆ ಹೊರಟಿದ್ದೆ. ಅವಳಿಗೆ ವಾರವಿಡೀ ಅದರದೇ ಜಪ. ಹೋಗಿ ನೋಡಿದರೆ ಬಾಗಿಲಿಗೆ ಹಳದಿ ಕಾಗದವೊಂದನ್ನು ಅಂಟಿಸಿದ್ದರು. ಆಟ ಆಡಿಸುವವರಿಗೆ ಹುಷಾರಿಲ್ಲದ್ದರಿಂದ ಅಂದಿನ ಕಾರ್ಯಕ್ರಮ ರದ್ದಾಗಿತ್ತು. ಇನ್ನು ಇವಳು ರಂಪ ಮಾಡುತ್ತಾಳೆಂದು ನಾನು ಸಮಾಧಾನದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದರೆ, ಅವಳು ಅಕ್ಷರ ಅಕ್ಷರ ಕೂಡಿಸಿಕೊಂಡು ಆ ಕಾಗದವನ್ನು ಓದಿ ಮುಗಿಸಿ, ಭುಜ ಎರಡನ್ನೂ ಕಿವಿಯ ತನಕ ಎತ್ತಿ ಇಳಿಸಿ, ‘ಬಮ್ಮರ್, ಅಜ್ಜಿ’ ಎಂದವಳೇ ಪಕ್ಕದ ಉದ್ಯಾನದ ಜೋಕಾಲಿಯ ಕಡೆಗೆ ಓಡಿದಳು. ರಾತ್ರಿ ಮಗಳನ್ನು ಕೇಳಿದೆ. ಪಾತ್ರೆ ಒರೆಸುತ್ತಿದ್ದ ಅವಳು ಹಿಂತಿರುಗಿಯೂ ನೋಡದೆ, ‘ನಿರಾಶೆ ಅಂತ ಇಟ್ಕೋ ಅಮ್ಮ’ ಎಂದಳು. ತಮ್ಮ ಪುರವಣಿ ಕೊಟ್ಟದ್ದೂ ಅದೇ ಅರ್ಥ.

ನಾನು ಹಾಗೆಯೇ ಇಟ್ಟುಕೊಂಡೆ. ಹದಿನೈದು ದಿನ ಕಳೆದಿರಬಹುದು, ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಬೇಲಿಯಾಚೆ ಗುಲಾಬಿ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತ, ಓಹಾಯೊದಲ್ಲಿದ್ದ ತಮ್ಮ ಅಕ್ಕ ಹಿಂದಿನ ದಿನ ತೀರಿಕೊಂಡರೆಂದು ಹೇಳಿದರು. ನನ್ನ ಇಂಗ್ಲಿಷು ಪುಸ್ತಕದ ಇಂಗ್ಲಿಷು. ಹೊಸದಾಗಿ ಕಲಿತ ಮಾತಿನಲ್ಲಿ ಹೇಳಿದರೆ ಹೆಚ್ಚು ಆತ್ಮೀಯವಾಗಿರುತ್ತದೆಂದು ಭಾವಿಸಿ, ಮುಖದಲ್ಲಿ ಇದ್ದಬದ್ದ ಮರುಕವನ್ನೆಲ್ಲ ತಂದುಕೊಂಡು, ‘ಓ, ಬಮ್ಮರ್!’ ಎಂದೆ. ಪೈಪು ಹಿಡಿದ ಅವರ ಕೈ ಅಲ್ಲಿಯೇ ನಿಂತಿತು. ನೀರು ಒಂದೇ ಗಿಡದ ಬುಡಕ್ಕೆ ಸುರಿದು ಸುರಿದು ಮಣ್ಣು ಕೊಚ್ಚಿಕೊಂಡು ಹಾದಿಗೆ ಬಂತು. ಅವರು ನನ್ನನ್ನೊಮ್ಮೆ ನೋಡಿ, ಮೆಲ್ಲಗೆ ತಲೆಯಾಡಿಸಿ, ಏನನ್ನೂ ಹೇಳದೆ ಒಳಗೆ ಹೋದರು. ಸಂಜೆ ವಿಷಯ ಕೇಳಿದ ಮಗಳು ಹಣೆ ಚಚ್ಚಿಕೊಂಡಳು: ‘ಅಮ್ಮಾ, ಅದು ಬಸ್ ತಪ್ಪಿದಾಗ ಹೇಳೋ ಮಾತು. ಸತ್ತೋರ ಮನೇಲಿ ಹೇಳೋದಲ್ಲ.’ ಮರುದಿನ ಅವರ ಬಾಗಿಲಿಗೆ ಹೋಗಿ ಕೈ ಹಿಡಿದುಕೊಂಡು ನಿಂತೆ. ಅವರು ಬಹಳ ಸಜ್ಜನರು, ನಕ್ಕುಬಿಟ್ಟರು. ಆದರೆ ‘ನಿರಾಶೆ’ ಎಂಬ ಅರ್ಥವನ್ನು ನಂಬಿದ್ದರಿಂದ ಏನಾಯಿತೆಂಬುದು ಅಂದೇ ನನಗೆ ತಿಳಿಯಿತು. ಅಲ್ಲಿಂದ ಬರುವವರೆಗೆ ಈ ಪದದ ಜಾಡು ಹಿಡಿದು ನಿಘಂಟುಗಳನ್ನು ತಿರುವಿಹಾಕಿದ್ದೇ ನನ್ನ ಕೆಲಸವಾಯಿತು.

ಮೊದಲು ಅಸಭ್ಯತೆಯ ಆಕ್ಷೇಪವನ್ನು ಎತ್ತಿಕೊಳ್ಳುತ್ತೇನೆ. ಬ್ರಿಟನ್ನಿನ ಇಂಗ್ಲಿಷಿನಲ್ಲಿ ‘ಬಮ್’ ಎಂದರೆ ಪೃಷ್ಠ ಎಂಬುದು ನಿಜ, ಮತ್ತು ಅದು ಹದಿನಾಲ್ಕನೆಯ ಶತಮಾನದಷ್ಟು ಹಳೆಯ ಪದ. ಅಷ್ಟೇನೂ ಕೆಟ್ಟದ್ದಲ್ಲದ, ಮಕ್ಕಳೆದುರಿಗೆ ತಾಯಂದಿರೂ ಆಡುವ ಪದ. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಚೀಲವನ್ನು ಅಲ್ಲಿಯವರು ಯಾವ ಸಂಕೋಚವೂ ಇಲ್ಲದೆ ‘ಬಮ್ ಬ್ಯಾಗ್’ ಎನ್ನುತ್ತಾರೆ. (ಅದೇ ಚೀಲಕ್ಕೆ ಅಮೆರಿಕನ್ನರು ಇಟ್ಟ ಹೆಸರನ್ನು ಲಂಡನ್ನಿನ ಅಂಗಡಿಯಲ್ಲಿ ಹೇಳಿದರೆ ಅಂಗಡಿಯವರೇ ನಾಚಿಕೊಳ್ಳಬೇಕಾದೀತು, ಅದು ಬೇರೆ ಪತ್ರಕ್ಕೆ ವಿಷಯ.) ಬ್ರಿಟನ್ನಿನ ಬೀದಿಮಾತಿನಲ್ಲಿ ‘ಬಮ್ಮರ್’ ಎಂಬುದು ಸಲಿಂಗಿ ಪುರುಷರನ್ನು ಹೀಯಾಳಿಸುವ ಬೈಗುಳವಾಗಿಯೂ ಇದೆ. ಆದ್ದರಿಂದ ಓದುಗರ ಎಚ್ಚರಿಕೆ ಬುಡವಿಲ್ಲದ್ದೇನಲ್ಲ. ಲೀಡ್ಸಿನಲ್ಲೋ ಗ್ಲಾಸ್ಗೋದಲ್ಲೋ ಓದಲು ಹೋದ ನಮ್ಮ ಹುಡುಗರು ಈ ಪದದ ಸುತ್ತ ಕಿಸಿಕಿಸಿ ನಗು ಕೇಳಿಬಂದರೆ ಕಾರಣವನ್ನು ತಿಳಿದಿರಬೇಕು. ಆದರೆ ಬೇಸರವನ್ನು ಹೇಳುವ ‘ಬಮ್ಮರ್’ ಆ ಬಳ್ಳಿಯ ಕಾಯಲ್ಲ. ಅದು ಬೆಳೆದದ್ದು ಅಮೆರಿಕದಲ್ಲಿ, ಅದರ ಬೀಜ ಹೋದದ್ದು ಜರ್ಮನಿಯಿಂದ ಎಂಬುದೇ ನಿಘಂಟುಕಾರರ ಸಾಮಾನ್ಯ ಅಭಿಪ್ರಾಯ. ಎರಡು ಬೇರೆ ಬೇರೆ ಮೂಲದ ಪದಗಳು ಒಂದೇ ರೂಪದಲ್ಲಿ ಕಾಣುವುದು ಕನ್ನಡಿಗರಿಗೆ ಹೊಸದಲ್ಲ. ‘ಕರಿ’ ಎಂದರೆ ಕಪ್ಪು ಎಂಬುದು ನಮ್ಮದು, ಆನೆ ಎಂಬುದು ಸಂಸ್ಕೃತದ್ದು, ಎಣ್ಣೆಯಲ್ಲಿ ಬೇಯಿಸುವುದು ಮತ್ತೊಂದು.

ಜರ್ಮನ್ ಭಾಷೆಯಲ್ಲಿ ‘ಬುಮೆಲ್ನ್’ ಎಂದರೆ ಕೆಲಸವಿಲ್ಲದೆ ಅಡ್ಡಾಡುವುದು, ನಿಧಾನ ಮಾಡುವುದು. ಹಾಗೆ ಅಡ್ಡಾಡುವವನು ‘ಬುಮ್ಲರ್’. ಎಲ್ಲ ನಿಲ್ದಾಣದಲ್ಲೂ ನಿಂತು ನಿಂತು ಹೋಗುವ ರೈಲಿಗೆ, ಕೆಲಸಗಾರರು ಬೇಕೆಂದೇ ಕೈ ನಿಧಾನ ಮಾಡಿ ನಡೆಸುವ ಮುಷ್ಕರಕ್ಕೆ ಅಲ್ಲಿ ಈಗಲೂ ಇದೇ ಮೂಲದ ಹೆಸರುಗಳಿವೆ. 1848ರ ಕ್ರಾಂತಿ ಸೋತ ಮೇಲೆ ಜರ್ಮನ್ನರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಹೋದರು. 1850ರ ದಶಕದ ಅಮೆರಿಕನ್ ಮಾತಿನಲ್ಲಿ ‘ಬಮ್ಮರ್’ ಎಂದರೆ ಬಿಟ್ಟಿ ಕೂಳಿಗೆ ಬಿದ್ದಿರುವ ಸೋಮಾರಿ, ನಮ್ಮ ಮಾತಿನಲ್ಲಿ ಹೇಳುವುದಾದರೆ ಉಂಡಾಡಿ ಗುಂಡ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಆ ಸೋಮಾರಿಗೆ ಕೈಯಲ್ಲಿ ಬಂದೂಕು ಬಂತು. 1864ರ ನವೆಂಬರಿನಲ್ಲಿ ಉತ್ತರದ ಸೈನ್ಯದ ಜನರಲ್ ಶೆರ್ಮನ್ ಸುಮಾರು 60,000 ಸೈನಿಕರೊಡನೆ ದಕ್ಷಿಣದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಿಂದ ಹೊರಟು ಡಿಸೆಂಬರಿನಲ್ಲಿ ಸವಾನ್ನಾ ಸೇರುವವರೆಗೆ ಸೈನ್ಯವು ದಾರಿಯ ತೋಟ ಕಣಜಗಳನ್ನೇ ಉಂಡು ಬದುಕಿತು. ಹಂದಿ, ಕೋಳಿ, ಜೋಳ ಎಂದು ಸಿಕ್ಕಿದ್ದನ್ನೆಲ್ಲ ಬಾಚಿ ತರಲು ತಂಡ ಬಿಟ್ಟು ಮುಂದೆ ಹೋಗುತ್ತಿದ್ದ ಸೈನಿಕರನ್ನು ಜನ ‘ಶೆರ್ಮನ್ನನ ಬಮ್ಮರ್‌ಗಳು’ ಎಂದು ಕರೆದರು. ಜಾರ್ಜಿಯಾದ ರೈತನೊಬ್ಬನಿಗೆ ಅಂದು ಈ ಪದ ಕೇಳಿಸಿದ್ದರೆ ಅವನು ಭುಜ ಕುಣಿಸುತ್ತಿರಲಿಲ್ಲ, ಕಣಜಕ್ಕೆ ಬೀಗ ಹಾಕುತ್ತಿದ್ದ.

ಆ ಪದದ ಬಾಲ ಕತ್ತರಿಸಿ ‘ಬಮ್’ ಎಂಬ ಅಮೆರಿಕನ್ ಪದವಾಯಿತು: ಮೊದಲು ಅಲೆಮಾರಿ, ಭಿಕ್ಷುಕ, ಆಮೇಲೆ ಯಾವುದೇ ಕೆಲಸಕ್ಕೆ ಬಾರದ ವಸ್ತು. ಕುಂಟುವ ಕಾಲು ‘ಬಮ್ ಲೆಗ್’, ಮಾಡದ ತಪ್ಪಿಗೆ ಬಿದ್ದ ಆರೋಪ ‘ಬಮ್ ರ‍್ಯಾಪ್’, ಗೆಳೆಯನ ಹತ್ತಿರ ಸಿಗರೇಟು ಬೇಡಿ ಸೇದುವುದು ‘ಬಮ್’ ಮಾಡುವುದು. ಇಷ್ಟಾದರೂ ಬೇಸರದ ಅರ್ಥ ಇನ್ನೂ ಬಂದಿರಲಿಲ್ಲ. ಅದು ಬಂದದ್ದು 1960ರ ದಶಕದಲ್ಲಿ, ಎಲ್‌ಎಸ್‌ಡಿ ಎಂಬ ಮಾದಕವಸ್ತುವಿನ ಸಂಗದಿಂದ. ಅದನ್ನು ಸೇವಿಸಿದವರಿಗೆ ಸುಖದ ಬದಲು ಭಯ, ಭ್ರಮೆ, ನಡುಕ ಬಂದರೆ ಆ ಅನುಭವವನ್ನು ‘ಬಮ್ ಟ್ರಿಪ್’ ಅಥವಾ ‘ಬಮ್ಮರ್’ ಎನ್ನುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಆ ವಸ್ತುವನ್ನು 1966ರ ಅಕ್ಟೋಬರಿನಲ್ಲಿ ಕಾನೂನಿನಿಂದ ನಿಷೇಧಿಸಿದರೂ 1967ರ ಬೇಸಿಗೆಯಲ್ಲಿ ಹಿಪ್ಪಿಗಳ ನೆಲೆಯಾಗಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಹೇಟ್ ಆ್ಯಶ್‌ಬರಿ ಬಡಾವಣೆಗೆ ದೇಶದ ಮೂಲೆಮೂಲೆಯಿಂದ ಯುವಕರು ಬಂದು ತುಂಬಿದರು, ವಾಪಸು ಹೋಗುವಾಗ ಅಲ್ಲಿಯ ಮಾತುಗಳನ್ನೂ ಊರಿಗೆ ಒಯ್ದರು. ಹತ್ತು ವರ್ಷದೊಳಗೆ ‘ಬಮ್ಮರ್’ ತನ್ನ ಅಮಲನ್ನು ಕಳೆದುಕೊಂಡಿತು. ನಡುಕ ಹುಟ್ಟಿಸುವ ಅನುಭವಕ್ಕೆ ಇದ್ದ ಹೆಸರು ಮಳೆಯಿಂದ ನಿಂತುಹೋದ ಪಿಕ್‌ನಿಕ್ಕಿಗೂ ಬಂತು. ಸನ್ನಿವೇಲ್‌ನಿಂದ ಆ ಬಡಾವಣೆ ಕಾರಿನಲ್ಲಿ ಒಂದು ಗಂಟೆಯ ಹಾದಿ. ನನ್ನ ಮೊಮ್ಮಗಳಿಗೆ ತನ್ನ ಬಾಯಲ್ಲಿದ್ದ ಪದ ಎಲ್ಲೆಲ್ಲಿ ಸುತ್ತಿ ಬಂದದ್ದೆಂದು ಹೇಳಲು ಇನ್ನೂ ಹತ್ತು ವರ್ಷ ಕಾಯಬೇಕು.

ಇನ್ನು ‘ನಿರಾಶೆ’ ಎಂಬ ಅರ್ಥಕ್ಕೆ ಬರುತ್ತೇನೆ. ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ನಿರಾಶೆ ಎಂಬುದು ಮನಸ್ಸಿನ ಸ್ಥಿತಿಗೆ ಹೆಸರು. ‘ಬಮ್ಮರ್’ ಎಂಬುದು ಆ ಸ್ಥಿತಿಯನ್ನು ತಂದಿಟ್ಟ ಸಂಗತಿಗೆ ಹೆಸರು. ರದ್ದಾದ ಗೊಂಬೆಯಾಟ ಬಮ್ಮರ್, ಜೋಲುಬಿದ್ದ ಮೋರೆ ಬಮ್ಮರ್ ಅಲ್ಲ. ನನಗೆ ಬೇಸರವಾಗಿದೆ ಎನ್ನಬೇಕಾದರೆ ಅಲ್ಲಿಯವರು ‘ಐ ಆ್ಯಮ್ ಬಮ್ಡ್’ ಅಥವಾ ‘ಬಮ್ಡ್ ಔಟ್’ ಎನ್ನುತ್ತಾರೆ. ‘ಐ ಆ್ಯಮ್ ಎ ಬಮ್ಮರ್’ ಎಂದರೆ ತನ್ನನ್ನು ತಾನೇ ಪೀಡೆ ಎಂದುಕೊಂಡಂತೆ. ನಿರಾಶೆಯನ್ನು ಹಾಗೆ ಒಂದು ಎರಡು ಎಂದು ಎಣಿಸುವುದಿಲ್ಲ. ಬಮ್ಮರ್ ಎಣಿಕೆಗೆ ಸಿಗುತ್ತದೆ. ಒಂದೇ ದಿನದಲ್ಲಿ ಮೂರು ಬಮ್ಮರ್ ಆಗಬಹುದು: ಬೆಳಿಗ್ಗೆ ಹಾಲು ಒಡೆಯಿತು, ಮಧ್ಯಾಹ್ನ ಬಯಸಿದ ರಜೆ ಸಿಗಲಿಲ್ಲ, ಸಂಜೆ ಟಿಕೆಟ್ ಖಾಲಿಯಾಯಿತು. ಒಂಟಿಯಾಗಿ ‘ಬಮ್ಮರ್!’ ಎಂದೂ ಉದ್ಗರಿಸಬಹುದು, ‘ವಾಟ್ ಎ ಬಮ್ಮರ್’ ಎಂದೂ ಎಳೆಯಬಹುದು. ದನಿಯನ್ನು ಚಪ್ಪಟೆ ಮಾಡಿ ಹೇಳಿದರೆ ಅದು ವ್ಯಂಗ್ಯ. ಹೊಸ ಕಾರಿಗೆ ಕೂದಲೆಳೆಯ ಗೀರು ಬಿತ್ತೆಂದು ಗೋಳಾಡುವವನಿಗೆ ನಾವು ‘ಅಯ್ಯೋ ಪಾಪ’ ಎನ್ನುತ್ತೇವಲ್ಲ, ಹಾಗೆ.

ಎಲ್ಲಕ್ಕಿಂತ ಮುಖ್ಯವಾದದ್ದು ತೂಕ. ಈ ಪದಕ್ಕೆ ಹೊರುವ ಶಕ್ತಿ ಕಡಿಮೆ. ಬೆಂಗಳೂರಿನ ಓದುಗರಿಗೆ ಹತ್ತಿರದ ಉದಾಹರಣೆಯನ್ನೇ ಕೊಡುತ್ತೇನೆ. 2016ರ ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಐಪಿಎಲ್ ಫೈನಲ್‌ನಲ್ಲಿ 209 ರನ್ನುಗಳ ಬೆನ್ನು ಹತ್ತಿದ ಆರ್‌ಸಿಬಿ ಮೊದಲ ವಿಕೆಟ್ಟಿಗೆ 114 ರನ್ ಕೂಡಿಸಿ, ಕಪ್ ಕೈಗೆ ಬಂತೆನ್ನುವಷ್ಟರಲ್ಲಿ 8 ರನ್ನುಗಳಿಂದ ಸೋತಿತು. ಅದು ಬಮ್ಮರ್, ಅದಕ್ಕಿಂತ ಒಪ್ಪುವ ಉದಾಹರಣೆಯನ್ನು ಅಮೆರಿಕದವರೂ ಕೊಡಲಾರರು. 2025ರ ಜೂನ್ 3ರಂದು ಕಪ್ ಕೊನೆಗೂ ಬಂತು, ಮರುದಿನ ಅದೇ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆ ಸಂಜೆಯ ಬಗ್ಗೆ ಯಾರಾದರೂ ‘ಬಮ್ಮರ್’ ಎಂದು ಬರೆದರೆ ಇಂಗ್ಲಿಷ್ ಬಲ್ಲವರು ಅವರನ್ನು ಹೃದಯವಿಲ್ಲದವರೆಂದೇ ತಿಳಿಯುತ್ತಾರೆ. ನಾನು ಬೇಲಿಯ ಪಕ್ಕದಲ್ಲಿ ಮಾಡಿದ ತಪ್ಪು ಅದೇ ಜಾತಿಯದು. ಪಂದ್ಯ ಸೋತ ನೋವಿಗೆ ಬ್ರಿಟನ್ನಿನವರಲ್ಲಿ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪದವಿದೆ: ‘ಗಟೆಡ್’. ಮೀನಿನ ಹೊಟ್ಟೆ ಸೀಳಿ ಒಳಗಿನ ಕರುಳನ್ನೆಲ್ಲ ತೆಗೆದುಹಾಕುವುದಕ್ಕೆ ಬಳಸುವ ಮಾತು ಅದು. ಸೋತ ಫುಟ್‌ಬಾಲ್ ಆಟಗಾರರು ಮೈಕಿನ ಮುಂದೆ ತಮ್ಮ ಸ್ಥಿತಿಯನ್ನು ಹಾಗೆ ಹೇಳಿಕೊಳ್ಳುತ್ತಾರೆ. ಅದನ್ನು ಕನ್ನಡದ ಕರುಳಿಗೆ ತಂದು ಜೋಡಿಸಲು ಯಾರೂ ಹೋಗಬಾರದೆಂದು ನನ್ನ ಬಿನ್ನಹ. ನಮ್ಮಲ್ಲಿ ಕರುಳು ಚುರ್ರೆನ್ನುವುದು ಮಕ್ಕಳಿಗಾಗಿ, ಗೋಲಿಗಾಗಿ ಅಲ್ಲ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ಅಕ್ಷರಶಃ ನೋಡಿದರೆ ನಿರಾಶೆಯಲ್ಲಿ ಆಶೆ ಇಲ್ಲವೇ ಇಲ್ಲ, ಹತಾಶೆಯಲ್ಲಿ ಅದು ಹತವಾಗಿದೆ, ಆಶಾಭಂಗದಲ್ಲಿ ಮುರಿದಿದೆ. ಮೂರರಲ್ಲಿ ಕೊನೆಯದೇ ಈ ಇಂಗ್ಲಿಷ್ ಪದದ ಅರ್ಥಕ್ಕೆ ಹತ್ತಿರ, ಏಕೆಂದರೆ ಅದು ಮುರಿದ ಘಟನೆಯನ್ನು ಹೇಳುತ್ತದೆ. ಆದರೆ ಬಸ್ಸು ತಪ್ಪಿದವನು ‘ಆಶಾಭಂಗ!’ ಎಂದು ಕೂಗಿದರೆ ನಾಟಕದ ಕಂಪನಿ ಊರಿಗೆ ಬಂದಿದೆಯೆಂದು ಜನ ಸೇರುತ್ತಾರೆ. ಮಾತಿನ ಮಟ್ಟದಲ್ಲಿ ಸರಿಹೊಂದುವುದು ‘ಬೇಜಾರು’. ಅದು ಪಾರ್ಸಿಯಿಂದ ಬಂದು ಇಲ್ಲಿಯದೇ ಆದ ಪದ, ಸಂಗತಿಗೂ ಮನಸ್ಸಿಗೂ ಒದಗುತ್ತದೆ: ‘ಅದೊಂದು ಬೇಜಾರು’ ಎನ್ನಬಹುದು, ‘ನನಗೆ ಬೇಜಾರು’ ಎನ್ನಬಹುದು. ಹುಡುಗರ ಮಾತಿನಲ್ಲಿ ‘ಚಿಪ್ಪು’, ‘ಚೊಂಬು’, ‘ಠುಸ್’ ಇವೆ. ಕಾದು ಕಾದು ಕೈಗೆ ಬಂದದ್ದು ತೆಂಗಿನ ಚಿಪ್ಪು ಅಥವಾ ಖಾಲಿ ಚೊಂಬು, ಹತ್ತಿಸಿದ ಪಟಾಕಿ ಹೊಗೆಯಾಡಿ ಠುಸ್ಸೆಂದಿತು. ‘ಚೊಂಬು’ ಎಷ್ಟು ಊರ್ಜಿತವಾಯಿತೆಂದರೆ 2024ರ ಲೋಕಸಭಾ ಚುನಾವಣೆಯಲ್ಲಿ ಪತ್ರಿಕೆಗಳ ಜಾಹೀರಾತಿನಲ್ಲಿಯೇ ಕಾಣಿಸಿಕೊಂಡಿತು. ಆದರೆ ಚಿಪ್ಪು ಚೊಂಬುಗಳಲ್ಲಿ ಯಾರೋ ನಮಗೆ ಕೈಕೊಟ್ಟರೆಂಬ ಮುನಿಸು ಬೆರೆತಿದೆ. ಬಮ್ಮರ್‌ನಲ್ಲಿ ಆ ಮುನಿಸಿಲ್ಲ. ಮಳೆ ಬಂದದ್ದಕ್ಕೆ ಯಾರನ್ನು ಬೈಯುವುದು?

ನನ್ನ ಅನುಭವದಲ್ಲಿ ಆ ಸಣ್ಣ, ಯಾರ ಮೇಲೂ ಹೊರಿಸದ ಬೇಸರವನ್ನು ಕನ್ನಡ ನಾಮಪದದಲ್ಲಿ ಇಡುವುದೇ ಇಲ್ಲ, ಕ್ರಿಯಾಪದದ ಬಾಲದಲ್ಲಿ ಇಡುತ್ತದೆ. ಸೂರ್ಯಾಸ್ತ ನೋಡಲೆಂದು ಆಗುಂಬೆಗೆ ಹೋದವರು ಇದನ್ನು ಚೆನ್ನಾಗಿ ಬಲ್ಲರು. ಹಿಂದೊಮ್ಮೆ ಶಾಲಾ ಪ್ರವಾಸದಲ್ಲಿ ನಲವತ್ತು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸೂರ್ಯ ಕೆಂಪಾಗಿ, ಚಪ್ಪಟೆಯಾಗಿ, ಇನ್ನೇನು ಕಡಲ ಕಡೆಗೆ ಇಳಿಯಬೇಕು, ಅಷ್ಟರಲ್ಲಿ ಎಲ್ಲಿಂದಲೋ ಒಂದು ಮೋಡದ ಪಟ್ಟಿ ಬಂದು ಅಡ್ಡ ನಿಂತಿತು. ಕಟ್ಟೆಯ ಉದ್ದಕ್ಕೂ ನಿಂತಿದ್ದ ಮಕ್ಕಳ ಬಾಯಿಂದ ಒಟ್ಟಿಗೆ ಹೊರಟ ಮಾತು ‘ಛೇ, ಹೋಯ್ತಲ್ಲಾ!’ ಎಂದು. ‘ಸೂರ್ಯ ಹೋಯಿತು’ ಎಂದರೆ ಅದು ವರದಿ. ‘ಹೋಯ್ತಲ್ಲಾ’ ಎಂದಾಗ ಕೊನೆಯ ಆ ‘ಅಲ್ಲಾ’ ಎಂಬುದರಲ್ಲಿ ಕಾದದ್ದು, ಕೈತಪ್ಪಿದ್ದು, ಇನ್ನೇನು ಮಾಡುವುದೆಂದು ಒಪ್ಪಿಕೊಂಡದ್ದು ಎಲ್ಲವೂ ಬಂದುಬಿಡುತ್ತದೆ. ಸ್ವಲ್ಪ ಹೆಚ್ಚಿನ ಪೆಟ್ಟಾದರೆ ‘ಹೋಗೇಬಿಡ್ತಲ್ಲ’ ಎಂದು ನಡುವೆ ‘ಬಿಡು’ ಸೇರಿಸಿ ತೂಕ ಏರಿಸುತ್ತೇವೆ. ವ್ಯಾಕರಣ ಪಾಠದಲ್ಲಿ ‘ಅಲ್ಲ’ ಎಂದರೆ ನಿಷೇಧ ಎಂದು ವರ್ಷಗಟ್ಟಲೆ ಹೇಳಿಕೊಟ್ಟ ನನಗೆ, ಅದೇ ರೂಪ ಆ ಕಟ್ಟೆಯ ಮೇಲೆ ಏನನ್ನೂ ನಿಷೇಧಿಸದೆ ನಲವತ್ತು ಮಕ್ಕಳ ಮುಖವನ್ನು ಒಮ್ಮೆಗೇ ಸಪ್ಪಗೆ ಮಾಡಿದ್ದು ಈಗಲೂ ನೆನಪಿದೆ. ಗೊಂಬೆಯಾಟದ ಬಾಗಿಲಲ್ಲಿ ನನ್ನ ಮೊಮ್ಮಗಳು ಕನ್ನಡದಲ್ಲಿ ಮಾತಾಡುವವಳಾಗಿದ್ದರೆ ಅವಳೂ ‘ಛೇ, ಇಲ್ವಂತಲ್ಲ ಅಜ್ಜಿ’ ಎಂದೇ ಭುಜ ಎತ್ತುತ್ತಿದ್ದಳು.

ಇದರಿಂದ ನಮ್ಮ ಮಕ್ಕಳು ‘ಬಮ್ಮರ್’ ಎನ್ನಬಾರದೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ, ಕಾಲೇಜುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದು ಈಗಾಗಲೇ ಓಡಾಡುತ್ತಿದೆ, ನಮ್ಮಂಥವರ ಅನುಮತಿಯನ್ನು ಕೇಳಿ ಬಂದದ್ದಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಬರೆದರೂ ಒಂದೇ ‘ಮ’ಕಾರವಾಗಿ ಉಚ್ಚರಿಸುವುದನ್ನು ನಾವು ಒತ್ತಕ್ಷರವಾಗಿಸಿ ನಮ್ಮದನ್ನಾಗಿ ಮಾಡಿಕೊಂಡೂ ಆಗಿದೆ. ನನ್ನ ಕೋರಿಕೆ ಪದಪಟ್ಟಿ ಮಾಡುವವರಿಗೆ ಸೇರಿದ್ದು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಓದುಗರ ಪದಪ್ರಶ್ನೆಗಳಿಗೆ ಪತ್ರಿಕೆಯಲ್ಲಿ ಉತ್ತರಿಸುತ್ತಿದ್ದ ಕಾಲವನ್ನು ಕಂಡ ನಮಗೆ, ಒಂದು ಪದಕ್ಕೆ ಸಮನಾಗಿ ಇನ್ನೊಂದು ಪದವನ್ನು ಇಟ್ಟು ಮುಗಿಸುವುದು ಅರ್ಥ ಹೇಳಿದಂತೆ ಕಾಣುವುದಿಲ್ಲ. ಯಾರು, ಯಾರೊಡನೆ, ಯಾವಾಗ ಆಡುವ ಮಾತು ಎಂಬ ಒಂದು ಸಾಲು ಜೊತೆಗಿಲ್ಲದಿದ್ದರೆ ಬೀದಿಮಾತಿನ ಅರ್ಥವನ್ನು ಅಚ್ಚು ಹಾಕದಿರುವುದೇ ಮೇಲು. ಗ್ರಾಂಥಿಕ ಪದದಲ್ಲಿ ಎಡವಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ಬೀದಿಮಾತಿನಲ್ಲಿ ಎಡವಿದರೆ ಎದುರಿಗಿದ್ದವರ ಮನಸ್ಸು ನೋಯುತ್ತದೆ.

ಆದ್ದರಿಂದ ಆ ಪಟ್ಟಿಯನ್ನು ಮುಂದೆ ಪುಸ್ತಕವಾಗಿಯೋ ಜಾಲತಾಣದಲ್ಲಿಯೋ ಮತ್ತೆ ಪ್ರಕಟಿಸುವುದಾದರೆ, ‘ಬಮ್ಮರ್’ ಎದುರಿಗೆ ‘ನಿರಾಶೆ’ಯನ್ನು ತೆಗೆದು ಹೀಗೆ ಸೇರಿಸಬೇಕೆಂದು ವಿನಂತಿಸುತ್ತೇನೆ: ‘ಅಮೆರಿಕದ ಆಡುಮಾತು. ಸಣ್ಣಪುಟ್ಟ ಬೇಸರ ತರುವ ಸಂಗತಿ. ಸ್ನೇಹಿತರ ನಡುವೆ ಮಾತ್ರ ಬಳಕೆ. ಛೇ, ಹೀಗಾಯ್ತಲ್ಲ ಎನ್ನುವಲ್ಲಿ ಹೊಂದುತ್ತದೆ. ಸಾವು, ಕಾಯಿಲೆ, ಅಪಘಾತಗಳ ಸಂದರ್ಭದಲ್ಲಿ ಸಲ್ಲದು. ಬ್ರಿಟನ್ನಿನಲ್ಲಿ ಬಳಸುವಾಗ ಎಚ್ಚರ.’

ಇತಿ,
ನಿವೃತ್ತ ಕನ್ನಡ ಶಿಕ್ಷಕಿ,
ಶಿವಮೊಗ್ಗ